ರೊಮೇನಿಯದ ಇಯೆ: ಕುತ್ತಿಗೆಯ ನೆರಿಗೆ ಬಳೆಯ ಹಾಗೆ ನಿಲ್ಲುತ್ತಿದೆ, ಕಂಕುಳಲ್ಲಿ ಹರಿಯುತ್ತಿದೆ

ಸೂಜಿಮೊನೆ:
ರೊಮೇನಿಯದ ಹೆಂಗಸರ ಅಂಗಿ ‘ಇಯೆ’ ಹೊಲಿಯುತ್ತಿದ್ದೇನೆ. ಭುಜದ ಮೇಲೆ ಆಲ್ತಿತ್ಸ (ಅಡ್ಡ ಕಸೂತಿ ಪಟ್ಟಿ) ಇರುವ ಬಗೆ. ಎಳೆ ಎಣಿಸೋಕೆ ಸುಲಭ ಅಂತ ಮ್ಯಾಟಿ ಬಟ್ಟೆ ತಗೊಂಡೆ. ಮುಂಭಾಗ, ಹಿಂಭಾಗ ತಲಾ 70 ಸೆಂ.ಮೀ. ಅಗಲ, ತೋಳು ತಲಾ 50. ಕುತ್ತಿಗೆ ಪಟ್ಟಿ 40. ಮುಂದೆ 8 ಸೆಂ.ಮೀ. ಆಳದ ರೌಂಡ್ ನೆಕ್ ಕತ್ತರಿಸಿ, ಮಷಿನ್‌ನಲ್ಲಿ 5 ಮಿ.ಮೀ. ಹೊಲಿಗೆ ಎರಡು ಸಾಲು ಹಾಕಿ ದಾರ ಎಳೆದೆ.

ನೆರಿಗೆ ಕುತ್ತಿಗೆ ಸುತ್ತ ಗಟ್ಟಿ ಬಳೆಯ ಹಾಗೆ ನಿಲ್ಲುತ್ತೆ. ಎಡಕ್ಕಿಂತ ಬಲಗಡೆ 3 ಸೆಂ.ಮೀ. ಹೆಚ್ಚು. ಎಳೆಯುವಾಗ ಎರಡು ಸಲ ದಾರ ತುಂಡಾಯಿತು. ಕೈ ಎತ್ತಿದರೆ ಕಂಕುಳ ಹೊಲಿಗೆ ಬಿಟ್ಟುಕೊಳ್ಳುತ್ತೆ. ತೋಳಿನ ಮೇಲಂಚಿನಿಂದ 1 ಸೆಂ.ಮೀ. ಬಿಟ್ಟು ಶುರು ಮಾಡಿದ ಆಲ್ತಿತ್ಸದ ಅರ್ಧ ನೆರಿಗೆಯೊಳಗೆ ಹೋಗಿಬಿಟ್ಟಿದೆ. ಎಲ್ಲಿ ತಪ್ಪಿದೆ?

ಎಳೆಲೆಕ್ಕ:
ಮೊದಲು ಬಟ್ಟೆಯ ದಪ್ಪ ನೋಡೋಣ. ಆ ಮ್ಯಾಟಿಯನ್ನು 20 ಪದರ ಮಡಿಚಿ, ಬೆರಳಲ್ಲಿ ಒತ್ತಿ ಹಿಡಿದು ಸ್ಕೇಲ್ ಇಡಿ. 13 ಮಿ.ಮೀ. ಬಂದರೆ ಒಂದು ಪದರ 0.65. ಒಂದು ನೆರಿಗೆ ಅಂದರೆ ಎರಡು ಪದರ, ಅಂದರೆ 1.3 ಮಿ.ಮೀ.

ನಿಮ್ಮ ಒಟ್ಟು ಬಟ್ಟೆ 240 ಸೆಂ.ಮೀ. 4 ಮಿ.ಮೀ. ಮೇಲೆ, 4 ಮಿ.ಮೀ. ಕೆಳಗೆ ಹೊಲಿದರೆ ಒಂದು ನೆರಿಗೆಗೆ 8 ಮಿ.ಮೀ. ಬಟ್ಟೆ, ಒಟ್ಟು 300 ನೆರಿಗೆ. 300 × 1.3 = 390 ಮಿ.ಮೀ. ಪಟ್ಟಿ ಇರೋದೇ 400! ಪದರಕ್ಕೆ ಪದರ ಅಂಟಿಕೊಂಡು ಗೋಡೆ ಎದ್ದಂತೆ ಆಗುತ್ತೆ, ಬಾಗೋಕೆ ಜಾಗವೇ ಇಲ್ಲ. ಅದೇ 0.3 ಮಿ.ಮೀ. ದಪ್ಪದ ತೆಳು ಲಿನನ್ ಆಗಿದ್ದರೆ 180 ಮಿ.ಮೀ. ಸಾಕಿತ್ತು. ಮ್ಯಾಟಿ ಮೇಜಿನ ಹಾಸಿಗೆ ಸರಿ, ನೆರಿಗೆಗೆ ಅಲ್ಲ.

ಮಷಿನ್ ಹೊಲಿಗೆಯೂ ಬೇಡ. ಎರಡು ಸಾಲಿನ ಸೂಜಿ ತೂತು ಒಂದರ ಕೆಳಗೊಂದು ಬರೋದಿಲ್ಲ, ಹಾಗಾಗಿ ನೆರಿಗೆ ಕೊಳವೆಯ ಹಾಗೆ ನೇರ ಇಳಿಯದೆ ಮುದ್ದೆಯಾಗುತ್ತೆ. ಇಡೀ ಸುತ್ತಿಗೆ ಒಂದೇ ದಾರ ಹಾಕಿದ್ದರಿಂದ ಬಟ್ಟೆ ಬಲಕ್ಕೆ ಸರಿದಿದೆ.

ಮಗ್ಗದಂಚು:
ದಪ್ಪಕ್ಕಿಂತ ದೊಡ್ಡ ತಪ್ಪು ಕಟಿಂಗ್‌ನಲ್ಲಿದೆ. ರೌಂಡ್ ನೆಕ್ ಯಾಕೆ ಕತ್ತರಿಸಿದಿರಿ? ಇದು ರವಿಕೆ ಲೆಕ್ಕ. ಇಯೆಯಲ್ಲಿ ಕತ್ತರಿ ಸುತ್ತು ತಿರುಗೋದೇ ಇಲ್ಲ. ಮಗ್ಗದಿಂದ ಬಂದ ನೇರ ತುಂಡುಗಳನ್ನೇ ಜೋಡಿಸೋದು. ಭುಜದ ಹೊಲಿಗೆ ಅಂತಲೂ ಇಲ್ಲ. ತೋಳಿನ ತುಂಡು ಕುತ್ತಿಗೆವರೆಗೂ ಏರಿ, ಅದರ ಮೇಲಂಚೇ ಕುತ್ತಿಗೆಯ ಒಂದು ಭಾಗ ಆಗುತ್ತೆ. ನೆರಿಗೆ ಎಳೆದಾಗ ಆ ನಾಲ್ಕು ನೇರ ಅಂಚುಗಳೇ ಸುತ್ತಾಗುತ್ತವೆ. ಕುತ್ತಿಗೆಗೆ ತೂತು ತೆಗೆಯುವ, ನೆರಿಗೆ ಇಲ್ಲದ ನೇರ ಅಂಗಿಯೂ ರೊಮೇನಿಯದಲ್ಲಿ ಇದೆ, ಆದರೆ ಅದು ಬೇರೆ ಜಾತಿ. 2022ರಲ್ಲಿ ರೊಮೇನಿಯಾ, ಮಾಲ್ಡೋವಾ ಎರಡರ ಹೆಸರಲ್ಲೂ ಯುನೆಸ್ಕೋ ಪಟ್ಟಿ ಸೇರಿದ್ದು ಆಲ್ತಿತ್ಸದ ಅಂಗಿ. ನೀವು ಎರಡೂ ಬೆರೆಸಿದ್ದೀರಿ.

ಕಂಕುಳು ಹರಿಯೋದಕ್ಕೆ ಕಾರಣ ಪಾವಾ ಇಲ್ಲದಿರೋದು. ಹಳೇ ಜುಬ್ಬಾದ ಕಂಕುಳಲ್ಲಿ ಚೌಕ ತುಂಡು ಇರುತ್ತಲ್ಲ, ಅದೇ. ಅದಿಲ್ಲದಿದ್ದರೆ ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರಿ, ಎಳೆತವೆಲ್ಲ ಅಲ್ಲೇ ಬೀಳುತ್ತೆ. 12 ಸೆಂ.ಮೀ. ಚೌಕ ಕತ್ತರಿಸಿ. ತೋಳಿನ ಅಂಚನ್ನು ಮೈ ಬಟ್ಟೆಗೆ ಮೇಲಿಂದ 28 ಸೆಂ.ಮೀ. ಮಾತ್ರ ಜೋಡಿಸಿ ನಿಲ್ಲಿಸಿ. ಚೌಕದ ಎರಡು ಬದಿ ತೋಳಿಗೆ, ಎರಡು ಬದಿ ಮೈಗೆ. ಮೂಲೆಯಲ್ಲಿ ಹೊಲಿಗೆ 1 ಸೆಂ.ಮೀ. ಮೊದಲೇ ನಿಲ್ಲಬೇಕು, ಇಲ್ಲದಿದ್ದರೆ ಅಲ್ಲಿ ಸುಕ್ಕು ಹಿಡಿಯುತ್ತೆ.

ಬಾಬಿನ್‌ಡಬ್ಬಿ:
ಕುತ್ತಿಗೆಗೆ ಎಲಾಸ್ಟಿಕ್ ಹಾಕಿಬಿಟ್ಟರೆ ಮುಗೀತಲ್ವಾ?

ಮಗ್ಗದಂಚು:
ಮುಗಿಯುತ್ತೆ, ಆದರೆ ಅಂಗಡಿಯಲ್ಲಿ ಸಿಗುವ ಭುಜ ಜಾರುವ ಟಾಪ್ ಆಗುತ್ತೆ. ಎಲಾಸ್ಟಿಕ್ ನೆರಿಗೆಯನ್ನು ಇಟ್ಟ ಜಾಗದಲ್ಲಿ ಹಿಡಿಯೋದಿಲ್ಲ, ಆಲ್ತಿತ್ಸ ಭುಜ ಬಿಟ್ಟು ತೋಳಿಗೆ ಇಳಿಯುತ್ತೆ.

ಸೂಜಿಮೊನೆ:
ಮುಂಭಾಗದ ಮಧ್ಯದಲ್ಲೂ ಉದ್ದ ಸಾಲು ಕಸೂತಿ ಮುಗಿದಿದೆ. ಇದನ್ನೇ ಉಳಿಸಿಕೊಳ್ಳೋಕೆ ದಾರಿ ಇದೆಯಾ?

ಎಳೆಲೆಕ್ಕ:
ಇದೆ, ರೂಪ ಪೂರ್ತಿ ಸರಿ ಬರೋದಿಲ್ಲ ಅಷ್ಟೆ. ಎಲ್ಲಾ ಬಿಚ್ಚಿ. ಮುಂಭಾಗ, ಹಿಂಭಾಗದ ಮೇಲಂಚನ್ನು ಸುತ್ತಿನ ತಳದ ಮಟ್ಟಕ್ಕೆ ನೇರ ಕತ್ತರಿಸಿ. ಉದ್ದ 8 ಸೆಂ.ಮೀ. ಹೋಗುತ್ತೆ, ಚಿಂತೆ ಬೇಡ: ಸೊಂಟದ ಕೆಳಗಿನ ‘ಪೋಆಲೆ’ ಭಾಗವನ್ನು ಒರಟು ಬಟ್ಟೆಯಲ್ಲಿ ಬೇರೆಯಾಗಿ ಜೋಡಿಸುವ ಪದ್ಧತಿ ಅಲ್ಲೇ ಇದೆ. ಬದಿಗಳಿಂದ ಕತ್ತರಿಸಿ 70ನ್ನು 55ಕ್ಕೆ ಇಳಿಸಿ. ತೋಳಿನ ಮೇಲೆ 5 ಸೆಂ.ಮೀ. ತೆಳು ಹತ್ತಿ ಬಟ್ಟೆಯ ಪಟ್ಟಿ ಕೂಡಿಸಿ ನೆರಿಗೆಯನ್ನು ಅದರಲ್ಲೇ ಹಿಡಿಯಿರಿ, ಆಲ್ತಿತ್ಸ ಹೊರಗೆ ಬರುತ್ತೆ. ಭುಜದಲ್ಲಿ ಸ್ವಲ್ಪ ಉಬ್ಬುತ್ತೆ, ಅದಕ್ಕೆ ಮದ್ದಿಲ್ಲ.

ಈಗ ಒಟ್ಟು 210 ಸೆಂ.ಮೀ. 6 ಮಿ.ಮೀ. ಹೊಲಿಗೆ ಹಾಕಿದರೆ 175 ನೆರಿಗೆ, ಎಲ್ಲಾ ಮ್ಯಾಟಿ ಅಂದುಕೊಂಡರೂ ಒತ್ತಿದಾಗ 23 ಸೆಂ.ಮೀ. ಸುತ್ತಮುತ್ತ. 40ರಲ್ಲಿ ಆರಾಮಾಗಿ ಕೂರುತ್ತೆ.

ಹೊಲಿಗೆ ಹೀಗೆ: ನಾಲ್ಕು ತುಂಡು ಜೋಡಿಸಿದ ಮೇಲೆ, ಅಂಚಿನಿಂದ 8 ಮಿ.ಮೀ. ಕೆಳಗೆ ಮೊದಲ ಸಾಲು, ಅದರ ಕೆಳಗೆ 6 ಮಿ.ಮೀ. ಅಂತರದಲ್ಲಿ ಇನ್ನೆರಡು. ಸೂಜಿ ಮೂರೂ ಸಾಲಲ್ಲಿ ಒಂದೇ ಎಳೆಯ ನೇರಕ್ಕೆ ಇಳಿದು ಏಳಬೇಕು. ಧಾರವಾಡ ಕಸೂತಿಯ ನೇಯ್ಗಿ (ಎಳೆ ಎಣಿಸಿ ಹಾಕುವ ಸಾಲು ಹೊಲಿಗೆ) ಹಾಕಿದ ಕೈಗೆ ಇದು ಹೊಸದಲ್ಲ. ಜೀನ್ಸ್ ದಾರಕ್ಕೆ ಮೇಣ ಸವರಿ, ಪ್ರತಿ ತುಂಡಿಗೂ ಬೇರೆ ದಾರ. ಮೂರೂ ದಾರ ಒಟ್ಟಿಗೆ ಎಳೆದು, ಮುಂಭಾಗ 13 (ತಲೆ ತೂರಿಸಲು ಮಧ್ಯದಲ್ಲಿ ಬಿಡುವ ಸೀಳಿನ ಆಚೀಚೆ 6.5), ಹಿಂಭಾಗ 13, ತೋಳು ತಲಾ 7 ಸೆಂ.ಮೀ.ಗೆ ತಂದು ಪಿನ್ನಿಗೆ ಸುತ್ತಿ. ನೀರು ಚಿಮುಕಿಸಿ, ನೆರಿಗೆಗಳನ್ನು ಕೆಳಕ್ಕೆ ಜಗ್ಗಿ, ರಾತ್ರಿಯಿಡೀ ಒಣಗಲು ಬಿಡಿ.

ಕುತ್ತಿಗೆ ಪಟ್ಟಿಯನ್ನು ನೇರ ಎಳೆಯಲ್ಲೇ ಕತ್ತರಿಸಿ, ಓರೆ ಪಟ್ಟಿ ಹಿಗ್ಗುತ್ತೆ. ಒಂದು ನೆರಿಗೆಗೆ ಒಂದು ಹೊಲಿಗೆ ಲೆಕ್ಕದಲ್ಲಿ ಕೈಯಲ್ಲೇ ಹಿಡಿಯಿರಿ. ಹೊರಗೆ 175, ಒಳಗೆ 175. ಎರಡು ನೆರಿಗೆ ಒಂದೇ ಹೊಲಿಗೆಗೆ ಸಿಕ್ಕಿದರೆ ಅಲ್ಲಿ ಗಂಟು ಕಾಣುತ್ತೆ. ಇದೆಲ್ಲ ಆದ ಮೇಲೇ ನೆರಿಗೆ ದಾರ ತೆಗೆಯೋದು.

ಮಗ್ಗದಂಚು:
ಮುಂದಿನ ಸಲ ತುಂಡುಗಳು ಚಪ್ಪಟೆ ಇರುವಾಗಲೇ ಕಸೂತಿ ಮುಗಿಸಿ, ಆದರೆ ಆಲ್ತಿತ್ಸವನ್ನು 30 ಸೆಂ.ಮೀ. ಅಗಲದ ಬೇರೆ ತುಂಡಿನಲ್ಲಿ ಹಾಕಿ. ಹಳೆಯ ಹಲವು ಅಂಗಿಗಳಲ್ಲಿ ಹಾಗೇ ಇದೆ. ಮೇಲೆ 4 ಸೆಂ.ಮೀ. ಖಾಲಿ ಬಿಡಿ. ಅದರ ಕೆಳಗಂಚಿಗೆ 50ರ ತೋಳನ್ನು ನೆರಿಗೆ ಹಿಡಿದು ಜೋಡಿಸಿ. ಆ ಜಾಗದಲ್ಲೇ ‘ಇಂಕ್ರೆತ್ಸ್’ ಎಂಬ ಒಂದೇ ಬಣ್ಣದ ಪಟ್ಟಿ ಬರೋದು. ಹೆಸರಿನ ಅರ್ಥವೂ ನೆರಿಗೆಗೇ ಸಂಬಂಧಿಸಿದ್ದು.

ಸೂಜಿಮೊನೆ:
ಸರಿ, ಬಿಚ್ಚೋಕೆ ಶುರು ಮಾಡ್ತೀನಿ. ನೀರು ಚಿಮುಕಿಸಿದರೆ ಕೆಂಪು ದಾರ ಬಣ್ಣ ಬಿಡಲ್ವಾ?

ಎಳೆಲೆಕ್ಕ:
ಮೊದಲು ಉಳಿದ ದಾರದ ತುಂಡು ನೋಡಿ. ಒದ್ದೆ ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಇಸ್ತ್ರಿ ಒತ್ತಿ. ಕೆಂಪು ಕಲೆ ಬಿದ್ದರೆ, ಬಿಚ್ಚಿದ ತುಂಡುಗಳನ್ನೆಲ್ಲ ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿ, ನೀರು ತಿಳಿಯಾಗುವವರೆಗೂ ಬದಲಿಸುತ್ತಿರಿ. ಮಧ್ಯದಲ್ಲಿ ಒಣಗೋಕೆ ಬಿಡಬೇಡಿ, ಬಿಟ್ಟ ಬಣ್ಣ ಬಿಳಿ ಬಟ್ಟೆಗೆ ಕಚ್ಚಿಕೊಳ್ಳುತ್ತೆ. ಆಮೇಲೆ ನೆರಳಲ್ಲಿ ಚಪ್ಪಟೆಯಾಗಿ ಒಣಗಿಸಿ. ಕಲೆ ಬೀಳದಿದ್ದರೆ ಧೈರ್ಯವಾಗಿ ಚಿಮುಕಿಸಿ.