ಕೈಗೆ 31 ಸಾವಿರ ಬಂದರೆ 12 ಸಾವಿರದ ಮನೆ ಹಿಡಿಯಬಹುದಾ?

ಬಿ ಶಿಫ್ಟ್:
ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಪಿಎಫ್ ಕಳೆದು ಕೈಗೆ 27 ಸಾವಿರ ಬರುತ್ತದೆ, ಓಟಿ ಸಿಕ್ಕಿದ ತಿಂಗಳು 31. ಈಗ ಇರೋದು ಹೂಟಗಳ್ಳಿಯಲ್ಲಿ, ಒಂದು ಬೆಡ್‌ರೂಮ್, 7,500. ಅಮ್ಮ ಮಂಡ್ಯದಿಂದ ನಮ್ಮ ಜೊತೆಗೇ ಬರುತ್ತಿದ್ದಾರೆ, ಮಗಳಿಗೆ ಮೂರು ವರ್ಷ, ಜಾಗ ಸಾಲದು. ವಿಜಯನಗರ ಎರಡನೇ ಹಂತದಲ್ಲಿ ಎರಡು ಬೆಡ್‌ರೂಮ್ ನೋಡಿದೆವು. 12 ಸಾವಿರ, ಅಡ್ವಾನ್ಸ್ 1 ಲಕ್ಷ. ಅಡುಗೆಮನೆ ಕಿಟಕಿಗೆ ಸಂಪಿಗೆ ಮರ ಕಾಣಿಸುತ್ತದೆ, ನಮ್ಮ ಮನೆಯವಳು ಅಲ್ಲೇ ನಿಂತುಬಿಟ್ಟಳು. ಸಂಬಳದ ಮೂರನೇ ಒಂದು ಭಾಗ ಬಾಡಿಗೆಗೆ ಅಂತಾರಲ್ಲ, ಸ್ವಲ್ಪ ಜಾಸ್ತಿ ಆಗುತ್ತದೆ ಅಷ್ಟೇ ಅಲ್ವಾ?

ಕುವೆಂಪುನಗರದ ಅಕ್ಕ:
ಅಷ್ಟೇ ಅಲ್ಲಪ್ಪ. ಓಟಿ ಬಿಟ್ಟು ಲೆಕ್ಕ ಹಾಕು. 27ರಲ್ಲಿ ಮೂರನೇ ಒಂದು ಭಾಗ 9 ಸಾವಿರ. ನಾವೂ ಇದೇ ತಪ್ಪು ಮಾಡಿದ್ವಿ. ನಮ್ಮವರ ಇನ್ಸೆಂಟಿವ್ ನಂಬಿ 14 ಸಾವಿರದ ಮನೆಗೆ ಹೋದ್ವಿ. ದೀಪಾವಳಿ ಆದಮೇಲೆ ಇನ್ಸೆಂಟಿವ್ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಜೂನ್‌ನಲ್ಲಿ ಮಕ್ಕಳ ಫೀಸಿಗೆ ನನ್ನ ಎರಡು ಬಳೆ ಅಡವು ಹೋದವು. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಕರಾರಿನಲ್ಲೇ ಬರೆದಿತ್ತು, ನಾವು ಓದಿರಲಿಲ್ಲ.

ಮೂರು ತಿಂಗಳು ಹಳೇ ಮನೆಯಲ್ಲೇ ಇದ್ದು, ಪ್ರತಿ ತಿಂಗಳು 1ನೇ ತಾರೀಕೇ ಬಾಡಿಗೆ ಹೆಚ್ಚಾಗೋ ಆ 4,500 ಎತ್ತಿಡು. 25ನೇ ತಾರೀಕಿಗೆ ಅದಕ್ಕೆ ಕೈ ಹಾಕದೆ ಇದ್ದರೆ ಆಮೇಲೆ ಮಾತಾಡೋಣ.

ಮಂಡ್ಯ ಮೆಮು:
ಅಡ್ವಾನ್ಸ್ ಎಲ್ಲಿಂದ ತರ್ತೀರಿ ಸಾರ್?

ಬಿ ಶಿಫ್ಟ್:
ಹಳೇ ಮನೆಯಿಂದ 40 ಸಾವಿರ ವಾಪಸ್ ಬರುತ್ತದೆ. ಮಿಕ್ಕಿದ್ದು ಕೈಸಾಲ, ಎರಡು ರೂಪಾಯಿ ಬಡ್ಡಿ.

ಮಂಡ್ಯ ಮೆಮು:
ಹಾಗಾದರೆ 60 ಸಾವಿರಕ್ಕೆ ತಿಂಗಳಿಗೆ 1,200 ಬಡ್ಡಿ. ನಿಮ್ಮ ಬಾಡಿಗೆ 12 ಅಲ್ಲ, 13,200. ಹನ್ನೊಂದು ತಿಂಗಳ ಕರಾರು ಮುಗಿದಾಗ ಎಷ್ಟು ಏರಿಸುತ್ತಾರೆ ಅಂತಲೂ ಈಗಲೇ ಕೇಳಿ. 5 ಪರ್ಸೆಂಟ್ ಅಂದರೂ 600 ಆಯ್ತು. ಇನ್ನೊಂದು, ಮನೆಗೆ ಬೇರೆ ಕರೆಂಟ್ ಮೀಟರ್ ಇದೆಯಾ ನೋಡಿ. ಬಾಡಿಗೆಯವರಿಗೂ ಗೃಹಜ್ಯೋತಿ ಇದೆ, ಆದರೆ ಆ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರೋ ಸಂಪರ್ಕದ ನಂಬರ್) ನಿಮ್ಮ ಆಧಾರ್ ಜೋಡಿಸಬೇಕು. ಮಾಲೀಕರ ಮೀಟರಿನಿಂದಲೇ ಎಳೆದಿದ್ದರೆ ಅವರು ಹೇಳಿದ್ದೇ ಬಿಲ್ಲು.

ಬಿ ಶಿಫ್ಟ್:
ರಾತ್ರಿ ಇಬ್ಬರೂ ಕೂತು ಬರೆದೆವು. ರೇಷನ್, ಹಾಲು, ಗ್ಯಾಸ್ 9,000. ಬೈಕ್ ಕಂತು 3,200. ಸಂಘಕ್ಕೆ 2,000. ಅಮ್ಮನ ಮಾತ್ರೆ 1,400. ಬಾಡಿಗೆ 12 ಸೇರಿಸಿದರೆ 27 ದಾಟಿ 600 ಹೋಯ್ತು. ಪೆಟ್ರೋಲ್, ಬಡ್ಡಿ, ಮಗಳ ಪ್ರೀ ಕೆಜಿ ಬರೆದೇ ಇರಲಿಲ್ಲ. ಪೆನ್ನು ಮುಚ್ಚಿದೆ. ಕಿಟಕಿ ವಿಷಯ ಇಬ್ಬರೂ ಎತ್ತಲಿಲ್ಲ.

ಹಿನಕಲ್‌ನಲ್ಲಿ 9 ಸಾವಿರಕ್ಕೆ ಒಂದಿದೆ, ಅಡ್ವಾನ್ಸ್ 50. ಆದರೆ ಎರಡನೇ ಮಹಡಿ, ಅಮ್ಮನಿಗೆ ಮಂಡಿ ನೋವು. ಭಾನುವಾರ ಅವರನ್ನೇ ಕರೆದುಕೊಂಡು ಹೋಗಿ ಮೆಟ್ಟಿಲು ಹತ್ತಿಸಿ ನೋಡುತ್ತೇನೆ.