ಬೆಕ್ಕಿನ ಉಗುರಿಗೆ ಟೆಂಡರು

“ಎಷ್ಟು ಕೊಟ್ಟಿ?”

“ಎರಡು ಸಾವಿರದ ನಾನೂರು.”

“ಬೆಕ್ಕಿಗಾ?”

“ಬೆಕ್ಕು ಪುಕ್ಕಟ್ಟೆ ಬಂದದ್ದಪ್ಪಾ. ಇದು ಬೆಕ್ಕು ಪರಚೋ ಕಂಬಕ್ಕೆ.”

ಲಕ್ಷ್ಮಕ್ಕನ ಮಿರ್ಚಿ ಬಂಡಿ ಮುಂದೆ ಎಲ್ಲರ ದವಡೆಯೂ ನಿಂತಿತು. ಪಂಪಾಪತಿ ಮೊಬೈಲ್ ತಿರುಗಿಸಿ ಎಲ್ಲರಿಗೂ ತೋರಿಸಿದ. ತಿಳಿಗುಲಾಬಿ ಬಣ್ಣದ ಮೆತ್ತನೆ ಬಟ್ಟೆ ಸುತ್ತಿದ, ಮೊಣಕಾಲೆತ್ತರದ ಗೂಟ. ಅದರ ತುದಿಗೆ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಒಂದು ಬಟ್ಟೆ ಇಲಿ.

“ಬಣ್ಣ ಆರಿಸಿದವರು ಯಾರು?” ಎರ್ರಿಸ್ವಾಮಿ ಕೇಳಿದ.

“ಮಗಳು. ಹಾಲಿನ ಕರ್ಟನ್‌ಗೆ ಮ್ಯಾಚ್ ಆಗ್ತದಂತ.”

“ಕರ್ಟನ್ ಬೆಕ್ಕು ಆರಿಸಿತ್ತೇನು?”

“ನಗಬ್ಯಾಡಲೇ. ಒಂದು ಉಗುರೂ ತಾಗಿಸಿಲ್ಲ ಅದಕ್ಕ. ಬಂತು, ಮೂಸ್ತು, ಕಂಬ ಬಂದಿದ್ದ ರಟ್ಟಿನ ಡಬ್ಬಿಯೊಳಗ ಹೋಗಿ ಮಲಗ್ತು. ಎದ್ದದ್ದೇ ಸೋಫಾಕ್ಕ ಹೋಗಿ ಕರ್ರ್ ಕರ್ರ್ ಅಂತ ಶುರು.”

“ಅಂದ್ರ ಡಬ್ಬಿಗೆ ಎರಡು ಸಾವಿರದ ನಾನೂರು. ಕಂಬ ಫ್ರೀ.”

ರಾಘುಗೆ ಬೇಸರವಾಯಿತು. ಆರ್ಡರ್ ಹಾಕಿಕೊಟ್ಟವನು ಅವನೇ. “ನಿಮಗೆ ಗೊತ್ತಿಲ್ಲ ಎರ್ರಿಸ್ವಾಮಿ ಅಂಕಲ್, ಈಗ ಯಾರೂ ಬೆಕ್ಕು ಸಾಕಲ್ಲ. ಎಲ್ಲರೂ ಪೆಟ್ ಪೇರೆಂಟ್.”

“ಹೌದಾ? ಹಂಗಿದ್ರ ರೇಷನ್ ಕಾರ್ಡಿಗೆ ಹೆಸರು ಸೇರಿಸಿದ್ರೇನು?”

“ದುಡ್ಡು ಯಾಕ ದಂಡ ಮಾಡ್ತೀರಿ?” ತಿಪ್ಪೇಶಿ ಒಗ್ಗರಣಿ ಮಂಡಕ್ಕಿ ಪೊಟ್ಟಣ ಕೆಳಗಿಟ್ಟ. ಅವನು ಪೊಟ್ಟಣ ಕೆಳಗಿಟ್ಟರೆ ವ್ಯಾಪಾರ ಶುರುವಾಯಿತು ಅಂತಲೇ ಅರ್ಥ. “ಗೋಣಿಚೀಲ ಸುತ್ತು. ಸೆಣಬು, ಒರಟು, ಉಗುರಿಗೆ ಹಿಡಿತ ಸಿಗ್ತದ. ನನ್ನ ಗೋಡೌನಿನಾಗ ರಾಶಿ ಬಿದ್ದಾವ. ಎಪಿಎಂಸಿ ಮೆಣಸಿನಕಾಯಿ ತುಂಬಿದ್ದು, ಹತ್ತು ರೂಪಾಯಿಗೊಂದು.”

“ಮೆಣಸಿನಕಾಯಿ ಚೀಲಾನಾ? ದಿನವೆಲ್ಲಾ ಕಾಲು ನೆಕ್ಕೋ ಪ್ರಾಣಿ ಅದು. ಒಂದು ಸಲ ಪರಚಿ ಒಂದು ಸಲ ನೆಕ್ಕಿದ್ರ ಸೋಫಾ ಏನು, ಬಳ್ಳಾರಿನೇ ಬಿಟ್ಟು ಗಡಿ ದಾಟಿ ಆಂಧ್ರಕ್ಕ ಹೋಗ್ತದ.”

“ಝಾಡಿಸಿ ಕೊಡ್ತೀನಿ ಬಿಡ್ರಿ.”

“ಗೋಣಿ ಮಾತು ಬಿಡು,” ಖಾದರ್ ನಡುವೆ ಬಂದ. “ಡೆನಿಮ್. ಬೆಕ್ಕಿನಪ್ಪ ಬಂದ್ರೂ ಹರಿಯಲ್ಲ. ನಮ್ಮಜ್ಜ ಕೌಲ್ ಬಜಾರಿನಾಗ ಪಲ್ಟಣದೋರಿಗೆ ಪ್ಯಾಂಟ್ ಹೊಲಿದವ, ನಾನು ಊರಿಗೆಲ್ಲಾ ಜೀನ್ಸ್ ಹೊಲಿದವ. ಉದ್ದ ದಾರ ನೀಲಿ, ಅಡ್ಡ ದಾರ ಬಿಳಿ, ಅಂಥಾ ಬಿಗಿ ನೇಯ್ಗಿ. ಕಟ್‌ಪೀಸ್ ಮೂಟೆಗಟ್ಟಲೆ ಐತೆ ನನ್ನ ಹತ್ರ.”

“ಹರಿಯಲ್ಲ ಅಂತೀಯಲ್ಲ, ತಪ್ಪು ಅಲ್ಲೇ ಐತೆ,” ಅಂದ ಎರ್ರಿಸ್ವಾಮಿ. “ಅಷ್ಟು ಬಿಗಿ ಇದ್ರ ಉಗುರು ಇಳಿಯೋದೆಲ್ಲಿ? ಇಳಿದ್ರೂ ಸಿಕ್ಕಿಹಾಕ್ಕೋತದ. ಹಂಗೂ ಒಂದು ಉಪಾಯ ಐತೆ. ಈಗಿನ ಹುಡುಗ್ರು ಹರಿದ ಜೀನ್ಸಿಗೇ ರೇಟು ಜಾಸ್ತಿ ಕೊಡ್ತಾರಲ್ಲ, ಪಂಪಾಪತಿ ಬೆಕ್ಕನ್ನ ನಿನ್ನ ಯೂನಿಟ್ಟಿಗೆ ಕೆಲಸಕ್ಕ ಇಟ್ಕೋ. ಮಂಡಿ ಹತ್ರ ನಾಕು ಗೀರು, ತೊಡಿ ಹತ್ರ ಎರಡು. ಪೀಸ್‌ವರ್ಕ್ ಮ್ಯಾಲ ಹಾಲು ಕೊಡು.”

“ಬೋನಸ್ಸಿಗೆ ಮೀನು,” ಅಂದಳು ಲಕ್ಷ್ಮಕ್ಕ ಎಣ್ಣೆಯೊಳಗೆ ಮಿರ್ಚಿ ಬಿಡುತ್ತಾ.

“ನೋಡ್ರಪ್ಪಾ,” ಎರ್ರಿಸ್ವಾಮಿ ಎರಡೂ ಕೈ ಎತ್ತಿದ. “ಗೋಣಿ ವ್ಯಾಪಾರಿಗೆ ಗೋಣಿ ಚಲೋ. ಜೀನ್ಸ್ ಹೊಲಿಯೋನಿಗೆ ಜೀನ್ಸ್ ಚಲೋ. ಮೊಬೈಲ್ ಅಂಗಡಿಯೋನಿಗೆ ಮೊಬೈಲಿನಾಗ ಕಂಡದ್ದೆಲ್ಲಾ ಚಲೋ. ಗಿರಾಕಿ ಒಬ್ಬಾಕಿ ಅದಾಳಲ್ಲ ಮನ್ಯಾಗ, ಅಕೀನ ಯಾರಾದ್ರೂ ಕೇಳಿದ್ರೇನು?”

“ಕೇಳೇನಿ,” ಪಂಪಾಪತಿ ಅಂಗಿ ತೋಳು ಮೇಲೆತ್ತಿದ. ಮೊಣಕೈವರೆಗೆ ಕೆಂಪು ಗೀರುಗಳು. “ಎರಡೂ ಕಾಲು ಹಿಡ್ಕೊಂಡು ಕಂಬಕ್ಕ ಉಜ್ಜಿಸಿದೆ, ಹಿಂಗ ಮಾಡಬೇಕು ನೋಡವ್ವಾ ಅಂತ.”

“ಬ್ಯಾಂಕಿನಾಗ ಇದ್ದಾಗ ಮುದುಕರ ಹೆಬ್ಬೆಟ್ಟು ಒತ್ತಿಸಿದ ಕೈ ನಿಂದು. ಬೆಕ್ಕು ಸಾಲ ತಗೊಂಡಿಲ್ಲೋ ಮಾರಾಯಾ. ಬಲವಂತ ಮಾಡಿದ್ರ ಆ ಕಂಬ ಕಂಡ್ರೇ ಓಡ್ತದ.”

“ಅದಕ್ಕ ನನ್ನ ಮ್ಯಾಲ ಸಿಟ್ಟು. ಒಂದು ದಿನ ಹಾಲಿಗೆ ನೀರು ಹಾಕಿದ್ದೆ, ಅವತ್ತಿಂದ ಸೋಫಾದ ಮ್ಯಾಲ ಸೇಡು ತೀರಿಸ್ಕೋತೈತೆ.”

“ಸೇಡು ನಮ್ಮಂಥವರದ್ದು. ಅದರ ಉಗುರಿನ ಮ್ಯಾಲ ಸಿಪ್ಪೆ ಬೆಳೀತದ, ಹಳೇದು ಕಳಚಿದ್ರ ಒಳಗ ಹೊಸ ಚೂಪು. ಸೋಫಾದ ಬುಡದಾಗ ಬಾಗಿದ ಬಿಳಿ ಚೂರು ಬಿದ್ದಿರ್ತಾವ, ಗುಡಿಸುವಾಗ ನೋಡಿಲ್ಲ ನೀನು. ಗುಡಿಸಿದ್ರಲ್ಲ ನೋಡಾಕ? ಇನ್ನೊಂದು, ಅಂಗಾಲಿನಾಗ ವಾಸನಿ ಇರ್ತದ, ನಮಗ ಬರಲ್ಲ. ಪರಚಿದ ಜಾಗಕ್ಕ ಅದು ಹತ್ತಿ, ಇದು ನಂದು ಅಂತ ಬೋರ್ಡ್ ಬರೆದಂಗ. ಮಲಗಿ ಎದ್ದಮ್ಯಾಲ ಬೆನ್ನು ಎಳಿಯೋದೂ ಅಲ್ಲೇ ಆಗಿಹೋಗ್ತದ. ಒಂದೇ ಖರ್ಚಿನಾಗ ಮೂರು ಕೆಲಸ.”

“ಖರ್ಚು ನಂದು.”

“ಆದ್ರ ಸೋಫಾನೇ ಯಾಕ ಬೇಕು ಅದಕ್ಕ?” ತಿಪ್ಪೇಶಿ ಕೇಳಿದ.

“ಎದ್ದು ನಿಲ್ಲು. ಎರಡೂ ಕೈ ಮ್ಯಾಲ ಎತ್ತಿ ಈ ಬಂಡಿ ಚೌಕಟ್ಟಿಗೆ ಇಡು. ಈಗ ಭಾರ ಬಿಟ್ಟು ಎಳಿ.”

ತಿಪ್ಪೇಶಿ ಎಳೆದ. ಬಂಡಿ ಒಂದಡಿ ಸರಿಯಿತು, ಬಾಣಲಿ ಎಣ್ಣೆ ತುಳುಕಿತು, ಲಕ್ಷ್ಮಕ್ಕ ಜಾಲರಿ ಸೌಟು ಎತ್ತಿಕೊಂಡು ಅವನ ಮೂರು ತಲೆಮಾರು ನೆನೆಸಿದಳು. ಅವನು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತ.

“ಬಾ, ಇನ್ನೊಂದು ಸಲ ಎಳಿ,” ಅಂದ ಎರ್ರಿಸ್ವಾಮಿ.

“ನಾ ವಲ್ಲೆ.”

“ಬೆಕ್ಕಿಗೂ ಇಷ್ಟೇ ಬುದ್ಧಿ ಐತೆ. ಒಂದು ಸಲ ಅಲ್ಲಾಡಿದ ಕಂಬಕ್ಕ ಎರಡನೇ ಸಲ ಕೈ ಹಾಕಲ್ಲ. ಸೋಫಾ ನೋಡು, ಮೂರು ಜನ ಎತ್ತಬೇಕು. ಮೈಪೂರ್ತಿ ಎಳೆದ್ರೂ ಜಗ್ಗಲ್ಲ. ಹಾಲ್ ನಡುವೆ ಐತೆ, ಬಂದೋರು ಹೋದೋರಿಗೆಲ್ಲಾ ಗುರುತು ಕಾಣ್ತದ. ಪಂಪಾಪತಿ, ನಿನ್ನ ಕಂಬ ಎಲ್ಲಿಟ್ಟಿ?”

“ಟಿವಿ ಹಿಂದ. ಚಂದ ಕಾಣಲ್ಲ ಅಂತ.”

“ಚಂದ ಕಾಣಲಿ ಅಂತ ಗುಲಾಬಿ ಬಣ್ಣದ್ದು ತಂದು, ಚಂದ ಕಾಣಲ್ಲ ಅಂತ ಟಿವಿ ಹಿಂದ ಇಟ್ಟಿ.”

ಇದಕ್ಕೆ ಉತ್ತರ ಇರಲಿಲ್ಲ. ಪಂಪಾಪತಿ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದ.

ರಾಘು ಸೋಲುವವನಲ್ಲ. ಫೋನಿನಲ್ಲಿ ಹುಡುಕಿ, ಗಂಟಲು ಸರಿ ಮಾಡಿಕೊಂಡ. “2016ರಾಗ ಬೆಕ್ಕಿನ ವೈದ್ಯದ ಪತ್ರಿಕೆಯೊಳಗ ಒಂದು ಸರ್ವೆ ಬಂದೈತೆ. ಸಾವಿರಾರು ಮಂದಿ ಬೆಕ್ಕು ಸಾಕೋರನ್ನ ಕೇಳ್ಯಾರ. ಹೆಚ್ಚಿನ ಬೆಕ್ಕು ಮೆಚ್ಚಿದ್ದು ಹಗ್ಗ ಸುತ್ತಿದ ನೆಟ್ಟನೆ ಕಂಬ, ಕಮ್ಮಿ ಅಂದ್ರೂ ಮೂರಡಿ ಎತ್ತರದ್ದು. ವಯಸ್ಸಾದ ಬೆಕ್ಕಿಗೆ ಮಾತ್ರ ಕಾರ್ಪೆಟ್. ಸರಿಯಾದ ಜಾಗದಾಗ ಪರಚಿದಾಗ ತಿಂಡಿ ಕೊಟ್ರ, ಮೈ ಸವರಿದ್ರ, ಇನ್ನೂ ಅಲ್ಲೇ ಹೋಗ್ತಾವಂತ.”

“ಮೂರಡಿ! ನಿಂದೆಷ್ಟಪ್ಪಾ?”

“ಮೊಣಕಾಲುದ್ದ,” ಪಂಪಾಪತಿ ಗೊಣಗಿದ.

“ಅದಕ್ಕೇ ಅಂಕಲ್, ಸೈಸಲ್ ಹಗ್ಗದ್ದು ತಗೊಳ್ರಿ ಅಂದಿದ್ದೆ. ಪೂರಾ ಇಂಪೋರ್ಟೆಡ್. ಮೂರು ಸಾವಿರದ ಮ್ಯಾಲ ಆಗ್ತದ.”

ರಾಘು ತೋರಿಸಿದ ಸೈಸಲ್ ಗಿಡದ ಫೋಟೋ ಎರ್ರಿಸ್ವಾಮಿ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. “ಲೇ ರಾಘ್ಯಾ, ಇದು ಹೊಲದ ಬದುವಿನ ಕತ್ತಾಳೆಯಲ್ಲೇನೋ!”

“ಅದು ಮೆಕ್ಸಿಕೋ ದೇಶದ ಗಿಡ ಅಂಕಲ್.”

“ಮೆಣಸಿನಕಾಯಿನೂ ಆ ಕಡಿಯಿಂದಲೇ ಬಂದದ್ದು. ನೀ ತಿನ್ನಾಕತ್ತಿದ್ದು ಇಂಪೋರ್ಟೆಡ್ ಮಿರ್ಚಿನಾ?”

ರಾಘು ಕೈಯಲ್ಲಿದ್ದ ಮಿರ್ಚಿಯನ್ನು ಒಮ್ಮೆ ನೋಡಿಕೊಂಡ.

“ದನ ನುಗ್ಗಬಾರ್ದು ಅಂತ ಬೇಲಿಗೆ ಹಾಕ್ತಿದ್ವಿ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ, ನಮ್ಮ ಮೇ ತಿಂಗಳ ಬಿಸಿಲಿಗೂ ಅಂಜಲ್ಲ. ಒಂದು ಸಲ ಆಳೆತ್ತರ ಮೀರಿ ಹೂವಿನ ಕಂಬ ಎಬ್ಬಿಸಿ ಹೂ ಬಿಡ್ತದ, ಆಮ್ಯಾಲ ಸಾಯ್ತದ. ಎಲಿ ಜಜ್ಜಿ, ತಿರುಳು ಕೆರೆದು ತೆಗೆದ್ರ ನಾರು. ಅದರ ರಸ ಕೈಗೆ ಹತ್ತಿದ್ರ ರಾತ್ರಿಯೆಲ್ಲಾ ಕೆರಕೋಬೇಕು. ನಮ್ಮಪ್ಪ ಅದರಾಗ ಎತ್ತಿನ ಹಗ್ಗ ಹೊಸೀತಿದ್ದ. ಆ ಹಗ್ಗ ಎಳೆದ್ರ ಅಂಗೈ ಕೆಂಪು. ನಮ್ಮ ಅಂಗೈಗೆ ಯಾವುದು ಚುಚ್ಚತದೋ ಬೆಕ್ಕಿನ ಉಗುರಿಗೆ ಅದೇ ಸುಖ.”

“ನೈಲಾನ್ ಹಗ್ಗ ನಡೆಯಲ್ಲೇನು?” ರಾಘು ಕೇಳಿದ. “ಬಣ್ಣಬಣ್ಣದ್ದು ಸಿಗ್ತಾವ.”

“ಮತ್ತ ಬಣ್ಣಕ್ಕ ಬಂದ್ಯಾ! ನೈಲಾನ್ ನುಣುಪು, ಜಾರ್ತದ. ಉಗುರು ಇಳೀಬೇಕು, ಎಳೆದಾಗ ನಾರು ಎದ್ದು ಬರಬೇಕು. ಮತ್ತ ಅಂಟು ಹಚ್ಚಿ ಸುತ್ತಬ್ಯಾಡ, ವಾಸನಿಗೆ ಹತ್ರ ಬರಲ್ಲ. ಸಂದಿಲ್ಲದಂಗ ಬಿಗಿಯಾಗಿ ಸುತ್ತಿ ಎರಡು ತುದಿಗೆ ಮೊಳೆ ಹೊಡಿ, ಮೊಳೆ ತಲಿ ಹೊರಗ ಕಾಣಬಾರ್ದು.”

“ಹರಿದು ಚಿಂದಿ ಆದ್ಮ್ಯಾಲ ಹೊಸದು ತರಬೇಕಲ್ಲ,” ಅಂದ ಖಾದರ್, ಹೊಸ ಆರ್ಡರಿನ ಆಸೆಯಿಂದ.

“ಮಂದಿ ಮಾಡೋದೇ ಅದು. ಆರು ತಿಂಗಳು ಪಾಪ ಪರಚಿ ಪರಚಿ ಹದಕ್ಕ ತಂದಿರ್ತದ. ಅದರ ವಾಸನಿ, ಅದರ ಗುರುತು ಎಲ್ಲಾ ಕೂತಿರ್ತಾವ. ಅಸಹ್ಯ ಅಂತ ಇವರು ಎತ್ತಿ ಬಿಸಾಕಿ ಹೊಸದು ತಂದು ನಿಲ್ಲಿಸ್ತಾರ. ಬೆಕ್ಕು ಸುಮ್ನ ಸೋಫಾಕ್ಕ ವಾಪಸ್ ಹೋಗ್ತದ, ಅದಾದ್ರೂ ಹಳೇದು ಇರ್ಲಿ ಅಂತ.”

ಬ್ರೂಸ್‌ಪೇಟೆ ಹಳೇ ಮನೆಯ ಮಾತು ಬಂತು. ಪಂಪಾಪತಿಯ ಅಜ್ಜನ ಮನೆ, ಈಗ ಅಲ್ಲಿ ಕಾಂಪ್ಲೆಕ್ಸು. ಪಡಸಾಲೆಯಲ್ಲಿ ಬೇವಿನ ಕಂಬ, ಕಂಬದ ಬುಡದಲ್ಲಿ ಜೋಳದ ಚೀಲ, ಅಂಗಳದಲ್ಲಿ ಹಗ್ಗದ ಹೊರಸು. ಆ ಮನೆಯಲ್ಲಿ ಎಷ್ಟು ಬೆಕ್ಕಿದ್ದವು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಎಲ್ಲಿ ಪರಚುತ್ತಿದ್ದವು ಅಂತ ಯಾರೂ ಕೇಳಿರಲಿಲ್ಲ. ಈಗಿನ ಮನೆಯಲ್ಲಿ ನೆಲಕ್ಕೆ ಟೈಲ್ಸು, ಕಿಟಕಿಗೆ ಅಲ್ಯುಮಿನಿಯಂ, ಬಾಗಿಲಿಗೆ ಸನ್‌ಮೈಕಾ. ಉಗುರು ಇಳಿಯುವ ಜಾಗ ಅಂತ ಉಳಿದದ್ದು ಸೋಫಾ ಒಂದೇ.

“ಆಗ ಮನೇನೇ ಕಂಬ ಆಗಿತ್ತು,” ಅಂದ ಎರ್ರಿಸ್ವಾಮಿ. “ಈಗ ಅದನ್ನ ಬ್ಯಾರೆ ಬಿಲ್ಲಿನಾಗ ತರಸ್ತೀವಿ.”

ಅಷ್ಟರಲ್ಲಿ ಪಂಪಾಪತಿಯ ಫೋನು ಹೊಡೆದುಕೊಂಡಿತು. ಹೈದರಾಬಾದಿನಿಂದ ಮಗಳು, ವಿಡಿಯೋ ಕಾಲ್. ಸ್ಪೀಕರ್ ಆಫ್ ಮಾಡುವುದು ಅವನಿಗೆ ಬರುವುದಿಲ್ಲ.

“ಅಪ್ಪಾ, ಬುಜ್ಜಿ ಕಂಬ ಮುಟ್ತಾ?”

“ಇಲ್ಲಮ್ಮಾ, ಇನ್ನೂ ಇಲ್ಲ.”

“ಅಯ್ಯೋ, ಬುಜ್ಜಿ ಎಲ್ಲಿ? ತೋರ್ಸು.”

“ನಾ ಹೊರಗ ಅದೀನಿ. ಮನಿಗೆ ಹೋಗಿ ಮಾಡ್ತೀನಿ.”

“ಮರೀಬ್ಯಾಡ. ನಾಳೆ ಮತ್ತೆ ಕೇಳ್ತೀನಿ. ಟಿವಿ ಹಿಂದಿಂದ ಸ್ವಲ್ಪ ಈಚೆ ಇಟ್ಟು ನೋಡು. ಊಟ ಮಾಡಿದ್ಯಾ?”

“ಮಾಡ್ದೆ,” ಅಂದ, ಮಿರ್ಚಿ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು.

ಕಾಲ್ ಮುಗಿದ ಮೇಲೆ ಯಾರೂ ಏನೂ ಅನ್ನಲಿಲ್ಲ. ಅವನೇ ಅಂದ: “ಮೊದಲು ಹುಣ್ಣಿಮಿಗೊಂದು ಅಮಾಸಿಗೊಂದು ಫೋನ್ ಬರ್ತಿತ್ತು. ಕಂಬ ಬಂದಾಗಿಂದ ದಿನಾ ಬರ್ತೈತೆ.” ಒಂದು ಮಿರ್ಚಿ ಮುರಿದ, ತಿನ್ನಲಿಲ್ಲ. “ನಾಳೆ ಆ ಹಾಳಾದ್ದು ಪರಚಾಕ ಶುರು ಮಾಡಿದ್ರ?”

ತಿಪ್ಪೇಶಿ ಗೋಣಿಚೀಲದ ರೇಟು ಹೇಳಲು ಬಾಯಿ ತೆರೆದವನು ಮುಚ್ಚಿದ.

“ಹಂಗಾದ್ರ ಕತ್ತಾಳೆ ಕೊನೀಗಿರ್ಲಿ,” ಎರ್ರಿಸ್ವಾಮಿ ಬೆರಳು ಮಡಚಿದ. “ಮೊದಲು ಖಾದರನ ಡೆನಿಮ್, ಬೆಕ್ಕು ತಿರುಗಿ ನೋಡಲ್ಲ. ಆಮ್ಯಾಲ ರಾಘು ನೈಲಾನ್, ಅದೂ ಆಗಲ್ಲ. ತಿಪ್ಪೇಶಿ ಗೋಣಿ ಸ್ವಲ್ಪ ಅಪಾಯ, ಇಷ್ಟಪಟ್ಟರೂ ಪಡಬಹುದು, ಅದನ್ನ ಚಳಿಗಾಲಕ್ಕ ಇಡೋಣ. ಹೆಂಗ ನೋಡಿದ್ರೂ ಯುಗಾದಿ ದಾಟ್ತದ. ಯುಗಾದಿಗೆ ಮಗಳು ಹೆಂಗೂ ಊರಿಗೆ ಬರ್ತಾಳಲ್ಲ?”

“ನೋಡ್ತೀನಿ ಅಂದಾಳ.”

“ಅಲ್ಲೀತನ ಸೋಫಾ?” ಲಕ್ಷ್ಮಕ್ಕ ಕೇಳಿದಳು.

“ಹೋಗ್ಲಿ ಬಿಡು. ಅದರ ಇಎಂಐ ಮುಗಿದೈತೆ.”

“ಡೆನಿಮ್ ತಿರುಗಿ ನೋಡಲ್ಲ ಅಂತ ಯಾರು ಹೇಳಿದ್ದು ನಿನಗ?” ಖಾದರ್ ಎದ್ದು ನಿಂತಿದ್ದ. “ಹದಿನಾಲ್ಕು ಔನ್ಸಿನ ಬಟ್ಟಿ ಹಾಕ್ತೀನಿ, ಡಬಲ್ ಹೊಲಿಗಿ ಹಾಕ್ತೀನಿ. ನೋಡೇಬಿಡೋಣ!”

“ಹಾಕಪ್ಪಾ ಹಾಕು,” ಅಂದ ಪಂಪಾಪತಿ, ಅವನ ಕೈ ಹಿಡಿದುಕೊಂಡು. “ಗಟ್ಟಿಯಾಗಿ ಹೊಲಿ. ಒಂದು ದಾರಾನೂ ಏಳಬಾರ್ದು.”