ಕಟ್ಟಡದ ನಕ್ಷೆ ಬಿಡಿಸುವ ಕೆಲಸಕ್ಕೆ ಯಾವ ಮಾನಿಟರ್? ಬಳಸಿದವರು ಹೇಳಿದ್ದು

ಕೇಳಿದವರು, ಡೊಂಬಿವಲಿ:

ವಾಸ್ತುಶಿಲ್ಪಿಗಳ ಕಚೇರಿಗಳಿಗೆ ಮನೆಯಿಂದಲೇ ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದಲ್ಲಿ ವರ್ಕಿಂಗ್ ಡ್ರಾಯಿಂಗ್ (ಕಟ್ಟುವವರಿಗೆ ಬೇಕಾದ ವಿವರವಾದ ನಕ್ಷೆ) ಮಾಡಿಕೊಡುತ್ತೇನೆ. ಇಷ್ಟು ದಿನ 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲೇ ನಡೆಯಿತು. ಕಳೆದ ವಾರ ಒಂದು ಸೆಕ್ಷನ್‌ನಲ್ಲಿ (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ) ಗೋಡೆಯ ಗೆರೆಯೂ ಪ್ಲಾಸ್ಟರಿನ ಗೆರೆಯೂ ಒಂದೇ ದಪ್ಪಕ್ಕೆ ಬಂದಿದ್ದವು. ಪ್ರಿಂಟ್ ಕೈಗೆ ಬಂದ ಮೇಲಷ್ಟೇ ಅದು ಕಣ್ಣಿಗೆ ಬಿತ್ತು. ಮಾನಿಟರ್ ಕೊಳ್ಳಲು 25 ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಮೇಜಿನ ಅಗಲ ಮುಂದಿನಿಂದ ಹಿಂದಕ್ಕೆ 60 ಸೆಂಟಿಮೀಟರ್, ಅದಕ್ಕಿಂತ ದೊಡ್ಡ ಮೇಜು ಈ ಕೋಣೆಯಲ್ಲಿ ಹಿಡಿಸುವುದಿಲ್ಲ. ಅಂಗಡಿಯವರು 32 ಇಂಚಿನ ಬಾಗಿದ ಗೇಮಿಂಗ್ ಪರದೆಯನ್ನು ತೋರಿಸಿ, ದೊಡ್ಡದಿದ್ದಷ್ಟೂ ಒಳ್ಳೆಯದು ಎಂದರು. ಇದೇ ಕೆಲಸ ಮಾಡುವವರು ಏನು ಬಳಸುತ್ತೀರಿ?

ಮಾಹಿಮ್‌ನಿಂದ:

ತಂಗೀ, ದಯವಿಟ್ಟು ಆ ಪರದೆಯನ್ನು ಕೊಳ್ಳಬೇಡಿ. ನಾನು ಟ್ರೇಸಿಂಗ್ ಪೇಪರಿನ ಮೇಲೆ ರಾಟ್ರಿಂಗ್ ಪೆನ್ (ಒಂದೊಂದು ದಪ್ಪದ ಗೆರೆಗೆ ಒಂದೊಂದು ಬರುವ ಶಾಯಿ ಪೆನ್) ಹಿಡಿದು ಕೆಲಸ ಕಲಿತವನು. ಕತ್ತರಿಸಿ ತೋರಿಸುವ ಗೋಡೆಗೆ 0.5, ಆಚೆ ಕಾಣುವ ಅಂಚಿಗೆ 0.25, ಅಳತೆಯ ಗೆರೆಗೆ 0.18 ಮಿಲಿಮೀಟರ್. ಪೆನ್ನು ತಪ್ಪಿದರೆ ಬ್ಲೇಡಿನಿಂದ ಕೆರೆದು ಮತ್ತೆ ಎಳೆಯಬೇಕಾಗಿತ್ತು. ಹಾಗಾಗಿ ಮಾನಿಟರ್ ಕೊಳ್ಳುವಾಗಲೂ ನನಗೆ ಮೊದಲು ನೆನಪಾಗುವುದು ಆ ಪೆನ್ನುಗಳೇ.

24 ಇಂಚಿನ ಫುಲ್ ಎಚ್‌ಡಿ (1920 × 1080 ಪಿಕ್ಸೆಲ್) ಪರದೆಯಲ್ಲಿ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, ಸುಮಾರು 0.28 ಮಿಲಿಮೀಟರ್ ಅಗಲವಿರುತ್ತದೆ. ಹಾಳೆಯನ್ನು ನಿಜ ಅಳತೆಯಲ್ಲಿ ತೆರೆದರೆ 0.18ರ ಗೆರೆಯೂ 0.25ರ ಗೆರೆಯೂ ಅಲ್ಲಿ ಒಂದೇ ಚುಕ್ಕೆಯ ದಪ್ಪಕ್ಕೆ ಇಳಿಯುತ್ತವೆ, ಹೆಚ್ಚೆಂದರೆ ಒಂದು ತುಸು ಮಸುಕಾಗಿ ಕಾಣಬಹುದು. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಹಿಗ್ಗಿಸಿದರೆ ಪಿಕ್ಸೆಲ್ 0.31 ಆಗುತ್ತದೆ, 32 ಇಂಚಿಗೆ 0.37. ನಿಮಗೆ ತೋರಿಸಿದ ಪರದೆ ಫುಲ್ ಎಚ್‌ಡಿಯದಾಗಿದ್ದರೆ ದೊಡ್ಡದಾಗಿರುವುದು ಚುಕ್ಕೆ ಮಾತ್ರ, ನಿಮ್ಮ ನಕ್ಷೆಗೆ ಒಂದು ಗೆರೆಯಷ್ಟೂ ಹೆಚ್ಚಿನ ವಿವರ ಬರುವುದಿಲ್ಲ. 27 ಇಂಚಿನಲ್ಲಿ 2560 × 1440 ಇದ್ದರೆ 0.23, ಅದೇ ಅಳತೆಯಲ್ಲಿ 4ಕೆ (3840 × 2160) ಇದ್ದರೆ 0.16ಕ್ಕೂ ಕಡಿಮೆ.

ಝೂಮ್ ಮಾಡಿದರೆ ಎಲ್ಲವೂ ಕಾಣುತ್ತದಲ್ಲ ಎನ್ನುವವರಿದ್ದಾರೆ. ಕಾಣುತ್ತದೆ, ನಿಜ. ಆದರೆ ಯಾವ ಗೆರೆ ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದು ಇಡೀ ಹಾಳೆಯನ್ನು ಒಟ್ಟಿಗೆ ನೋಡಿದಾಗ ಮಾತ್ರ ತಿಳಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್ ಫುಲ್ ಎಚ್‌ಡಿಯದಾಗಿದ್ದರೆ ಅದರ ಪಿಕ್ಸೆಲ್ ಸಣ್ಣದೇ, ಸುಮಾರು 0.18. ಆದರೆ ಆ ಪರದೆಯ ಅಗಲ 35 ಸೆಂಟಿಮೀಟರಿಗೂ ಕಡಿಮೆ, ಎ3 ಹಾಳೆಯ ಉದ್ದ 42. ಕುಗ್ಗಿಸದೆ ಹಾಳೆ ಹಿಡಿಸುವುದಿಲ್ಲ, ಕುಗ್ಗಿಸಿದೊಡನೆ ದಪ್ಪ ಸಣ್ಣ ಎಲ್ಲ ಒಂದಾಗುತ್ತವೆ. ಪ್ಲಾಸ್ಟರಿನ ಗೆರೆ ತಪ್ಪಿಸಿಕೊಂಡದ್ದು ಹೀಗೆಯೇ ಇರಬೇಕು. 24 ಇಂಚಿನ ಪರದೆಯಲ್ಲಿ ಎ3 ಹಾಳೆ ಎತ್ತರಕ್ಕೆ ಸರಿಯಾಗಿ ಅಂಟಿಕೊಂಡು ಕೂರುತ್ತದೆ, ಟೂಲ್‌ಬಾರಿಗೆ ಜಾಗ ಉಳಿಯುವುದಿಲ್ಲ. 27ರಲ್ಲಿ ಹಾಳೆಯ ಮೇಲೆ ನಾಲ್ಕು ಸೆಂಟಿಮೀಟರ್ ಮಿಗುತ್ತದೆ. 60 ಸೆಂಟಿಮೀಟರ್ ಮೇಜಿಗೂ ಅದೇ ಅಳತೆ ಹಿತ. 32ನ್ನು ಅಷ್ಟು ಹತ್ತಿರ ಇಟ್ಟುಕೊಂಡರೆ ದಿನವಿಡೀ ಕತ್ತು ಆಡಿಸುತ್ತಲೇ ಇರಬೇಕಾಗುತ್ತದೆ.

ಬಾಗಿದ ಪರದೆಯನ್ನು ನಾನೂ ಎಂಟು ತಿಂಗಳು ಬಳಸಿದೆ. ಉದ್ದನೆಯ ಬೀಮಿನ ಗೆರೆ ನೇರವಾಗಿದೆಯೆಂದು ಗೊತ್ತಿದ್ದರೂ ಕಣ್ಣು ಒಪ್ಪುತ್ತಿರಲಿಲ್ಲ. ಕೆಲವರಿಗೆ ರೂಢಿಯಾಗುತ್ತದೆ, ನನಗೆ ಆಗಲಿಲ್ಲ.

ಪ್ಯಾನೆಲ್ ಐಪಿಎಸ್ ಇರಲಿ, ಪಕ್ಕದಿಂದ ನೋಡಿದರೂ ಅದರ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಹಳೆಯ ಟಿಎನ್ ಪ್ಯಾನೆಲ್‌ನಲ್ಲಿ ತಲೆ ಸ್ವಲ್ಪ ವಾಲಿದರೂ ಬಣ್ಣ ಬದಲಾಗುತ್ತದೆ. ಆಟೋಕ್ಯಾಡ್‌ನ ಕಪ್ಪು ಹಿನ್ನೆಲೆಯಲ್ಲಿ 5ನೇ ಸಂಖ್ಯೆಯ ನೀಲಿಯೂ 8ನೇ ಸಂಖ್ಯೆಯ ಬೂದುಬಣ್ಣವೂ ಮೊದಲೇ ಕಣ್ಣಿಗೆ ಕಷ್ಟ. ಮಂಜೂರಾತಿಯ ನಕ್ಷೆಯಲ್ಲಿ ಕೆಡವುವ ಭಾಗಕ್ಕೆ ಹಳದಿ ಹ್ಯಾಚ್ (ಸಾಲುಸಾಲು ಓರೆ ಗೆರೆ) ಹಾಕುತ್ತೇವಲ್ಲ, ಕಳಪೆ ಪರದೆಯ ಬಿಳಿ ಹಿನ್ನೆಲೆಯಲ್ಲಿ ಅದು ಕರಗಿಯೇ ಹೋಗುತ್ತದೆ.

ಪುಣೆ, ಕೋಥ್ರೂಡ್‌ನಿಂದ:

ಹಿರಿಯರು ಗೆರೆಯ ವಿಷಯದಲ್ಲಿ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಒಳಾಂಗಣ ವಿನ್ಯಾಸದವಳು, 27 ಇಂಚಿನ 4ಕೆ ಬಳಸುತ್ತೇನೆ. ಅಕ್ಷರಗಳು ಅಚ್ಚು ಹಾಕಿದಂತೆ ಕಾಣುತ್ತವೆ. ಆದರೆ ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಚಿಹ್ನೆಗಳ ಗಾತ್ರ) 150 ಪ್ರತಿಶತಕ್ಕೆ ಏರಿಸದೆ ಮೆನು ಓದಲಾಗದು, ಮತ್ತು ಹಳೆಯ ಆಟೋಕ್ಯಾಡ್ ಆವೃತ್ತಿಗಳಲ್ಲಿ ಐಕಾನ್‌ಗಳು ಸಾಸಿವೆಯಷ್ಟಾಗಿ ಉಳಿಯುತ್ತವೆ. ನಿಮ್ಮದು ಯಾವ ಆವೃತ್ತಿ ಎಂದು ಮೊದಲು ನೋಡಿಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಮಾನಿಟರಿನ ಕೇಬಲ್ ಸಿಕ್ಕಿಸುವ ಕಿಂಡಿಯನ್ನೂ ನೋಡಿ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ 1.4 ಇತ್ತು. 4ಕೆ ಬಂದರೂ ಸೆಕೆಂಡಿಗೆ 30 ಚೌಕಟ್ಟು ಮಾತ್ರ. ಕರ್ಸರ್ ತಡವರಿಸಿ ತಡವರಿಸಿ ಚಲಿಸುತ್ತಿತ್ತು, ಎರಡು ದಿನ ಮಾನಿಟರಿನದೇ ದೋಷವೆಂದು ತಿಳಿದಿದ್ದೆ. 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇರಬೇಕು. 2560 × 1440 ಪರದೆಗೆ ಈ ತೊಡಕಿಲ್ಲ. ನಿಮ್ಮ ಹಣಕ್ಕೆ ಅದೇ ಸರಿ ಎಂದು ನನಗೂ ಅನ್ನಿಸುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು: ಎಸ್‌ಆರ್‌ಜಿಬಿ (ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ವ್ಯಾಪ್ತಿ) ಪೂರ್ತಿ ಬಂದರೆ ನಕ್ಷೆಗೆ ಸಾಕು. ನಾನು ವೆನೀರಿನ (ತೆಳು ಮರದ ಹಾಳೆಯ) ತುಂಡನ್ನು ಪರದೆಯ ಪಕ್ಕದಲ್ಲಿಟ್ಟು ರೆಂಡರ್ (ಕಂಪ್ಯೂಟರಿನಲ್ಲಿ ತಯಾರಿಸಿದ ಕೋಣೆಯ ಚಿತ್ರ) ಹೋಲಿಸಬೇಕಾಗುತ್ತದೆ. ಅದಕ್ಕಾಗಿ ಹೆಚ್ಚು ಕೊಟ್ಟೆ. ನೀವು ಆ ಹಣವನ್ನು ಸ್ಟ್ಯಾಂಡಿಗೆ ಹಾಕಿ.

ಗೋವಾ, ಮಡಗಾಂವ್‌ನಿಂದ:

ಸ್ಟ್ಯಾಂಡಿನ ಮಾತಿಗೆ ನನ್ನದೂ ಹೂಂ. ಎತ್ತರ ಬದಲಿಸಲಾಗದ ಪರದೆ ಕೊಂಡು ಎರಡು ವರ್ಷ ಅದರ ಕೆಳಗೆ ಪುಸ್ತಕ ಜೋಡಿಸಿದೆ, ಕತ್ತು ನೋವು ಮಾತ್ರ ಹೋಗಲಿಲ್ಲ. ಕೊನೆಗೆ ಹಿಂಬದಿಯಲ್ಲಿ ತೋಳು ಜೋಡಿಸಲೆಂದೇ ಇರುವ 100 × 100 ಮಿಲಿಮೀಟರಿನ ವೆಸಾ ತೂತುಗಳಿವೆಯೆಂದು ಕಂಡು ಮೇಜಿಗೆ ಬಿಗಿಯುವ ತೋಳು ತಂದೆ. ಮೇಜಿನ ಮೇಲೆ ಜಾಗವೂ ಬಿಡುವಾಯಿತು, ಈಗ ಅಲ್ಲಿ ಎ3 ಪ್ರಿಂಟ್ ಹರಡುತ್ತೇನೆ. ಕಿಟಕಿ ನಿಮ್ಮ ಬೆನ್ನಿಗೆ ಬರದಂತೆ ಪಕ್ಕಕ್ಕೆ ಇರಲಿ. ಪರದೆ ಮ್ಯಾಟ್ ಆಗಿರಲಿ. ಒಎಲ್‌ಇಡಿ ಪರದೆ ಚೆಂದವೇ, ಆದರೆ ನಮ್ಮ ಟೂಲ್‌ಬಾರ್ ದಿನಕ್ಕೆ ಹತ್ತು ಗಂಟೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಅದರ ಗುರುತು ಪರದೆಯಲ್ಲಿ ಉಳಿದುಬಿಡುವ ಭಯವಿದೆ.

ಮತ್ತೆ ಡೊಂಬಿವಲಿಯಿಂದ:

ನಿಮ್ಮೆಲ್ಲರಿಗೂ ಋಣಿ. ಶನಿವಾರ ಗ್ರಾಂಟ್ ರೋಡಿನಲ್ಲಿಳಿದು ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಅದೇ ಸೆಕ್ಷನ್ ಹಾಳೆಯ ಪಿಡಿಎಫ್ ಪೆನ್‌ಡ್ರೈವ್‌ನಲ್ಲಿತ್ತು. ಮೂರು ಪರದೆಗಳಲ್ಲಿ ಇಡೀ ಹಾಳೆ ಕಾಣುವಂತೆ ತೆರೆದು ನೋಡಿದೆ. 27 ಇಂಚಿನ ಫುಲ್ ಎಚ್‌ಡಿಯಲ್ಲಿ 0.18ರ ಅಳತೆಯ ಗೆರೆಗಳು ಗೋಡೆಯ ಅಂಚಿನೊಂದಿಗೆ ಬೆರೆತಿದ್ದವು. 2560 × 1440ರಲ್ಲಿ ಬಿಡಿಬಿಡಿಯಾಗಿ ನಿಂತವು. ತಪ್ಪಿದ ಪ್ಲಾಸ್ಟರಿನ ಗೆರೆ ಅಲ್ಲೇ, ಅಂಗಡಿಯಲ್ಲಿ ನಿಂತಿದ್ದಾಗಲೇ ಕಣ್ಣಿಗೆ ಹೊಡೆಯಿತು. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಹಾಳೆಗಳನ್ನು ಒಂದೊಂದಾಗಿ ಪರದೆಯ ತುಂಬ ಹಾಕಿ ಸತ್ತ ಪಿಕ್ಸೆಲ್ ಇಲ್ಲವೆಂದು ನೋಡಿಯೇ ಹಣ ಕೊಟ್ಟೆ. ಎತ್ತರ ಬದಲಿಸುವ ಸ್ಟ್ಯಾಂಡ್ ಸೇರಿ 25 ಸಾವಿರದೊಳಗೆ ಮುಗಿಯಿತು. ಶನಿವಾರದ ಲೋಕಲ್ ಗಾಡಿಯಲ್ಲಿ ಆ ಪೆಟ್ಟಿಗೆ ಹಿಡಿದು ಹತ್ತುವ ಧೈರ್ಯವಾಗಲಿಲ್ಲ, ಸೋಮವಾರ ಮನೆಗೇ ತಲುಪಿಸುತ್ತಾರೆ.